ಬೇಸಿಗೆ ಕೊನೆಯ ತೋಟದ ಕೆಲಸಕ್ಕೆ ತಿಥಿ ನೋಡಬೇಕಾ, ಮಳೆ ನಕ್ಷತ್ರ ನೋಡಬೇಕಾ?

ಹಿತ್ತಲಮನೆ (ಸಾಗರ)

ಎಲ್ಲರಿಗೂ ನಮಸ್ಕಾರ. ಅಶ್ವಿನಿ ಮುಗಿಯುತ್ತಾ ಬಂತು, ಏಪ್ರಿಲ್ 27ಕ್ಕೆ ಭರಣಿ ಹುಟ್ಟುತ್ತದೆ. ಹಿತ್ತಲಲ್ಲಿ ಕೆಲಸ ಒಟ್ಟಿಗೇ ಮೈಮೇಲೆ ಬೀಳುವ ಹೊತ್ತು ಇದು. ಈ 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಬೇರೆ ಬಂದಿದೆ. ಹಾಗಾಗಿ ಫೋನ್ ಮಾಡಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಅಧಿಕ ಮಾಸದಲ್ಲಿ ಬೀಜ ಹಾಕಬಹುದಾ, ಸಸಿ ಕಿತ್ತು ನೆಡಬಹುದಾ?

ಹಾಕಬೇಕು. ಅಧಿಕ ಮಾಸಕ್ಕೆ ಮದುವೆ, ಗೃಹಪ್ರವೇಶ ನಿಲ್ಲಿಸುತ್ತಾರೆ, ಅದು ಅವರವರ ಮನೆಯ ನಡೆ. ಮಣ್ಣಿನ ಕೆಲಸ ನಿಲ್ಲಿಸಿದರೆ ವರ್ಷದ ತರಕಾರಿಯೇ ಹೋಯಿತು. ಈ ಸಲ ಅಧಿಕ ಮಾಸ ಬಂದಿರುವುದು ಕೃತ್ತಿಕೆ ಮಳೆಯ ಕೊನೆ, ರೋಹಿಣಿ ಪೂರ್ತಿ, ಮೃಗಶಿರದ ಮೊದಲರ್ಧಕ್ಕೆ ಸರಿಯಾಗಿ. ಹೀರೆ, ಹಾಗಲ, ಪಡುವಲ, ಮುಳ್ಳುಸೌತೆ, ಬೆಂಡೆ ಎಲ್ಲಕ್ಕೂ ಮಲೆನಾಡಲ್ಲಿ ಅದೇ ಕಾಲ. ಅದನ್ನು ಬಿಟ್ಟು ಜೂನ್ 16ಕ್ಕೆ ಕೂತರೆ, ಜಡಿಮಳೆ ಹಿಡಿದಿರುತ್ತದೆ, ಬೀಜ ಮಣ್ಣಲ್ಲೇ ಕೊಳೆಯುತ್ತದೆ.

ನನಗೆ ಹೇಳಬೇಕೆನಿಸಿದ್ದು ಇಷ್ಟೇ. ಹಿಂದಿನವರು ಎರಡು ಲೆಕ್ಕ ಇಟ್ಟುಕೊಂಡಿದ್ದರು. ಒಂದು ಸೂರ್ಯನದು, ಇನ್ನೊಂದು ಚಂದ್ರನದು. ಯಾವ ಕಾಲಕ್ಕೆ ಯಾವ ಬೆಳೆ ಅನ್ನುವುದನ್ನು ಮಳೆ ನಕ್ಷತ್ರದಿಂದ ತೀರ್ಮಾನ ಮಾಡುತ್ತಿದ್ದರು, ಅದು ಸೂರ್ಯನ ಲೆಕ್ಕ. ಒಂದು ಮಳೆ ನಕ್ಷತ್ರ ಇರುವ ಹದಿಮೂರು ಹದಿನಾಲ್ಕು ದಿನದೊಳಗೆ ಯಾವ ದಿನ ಕೈ ಹಾಕಬೇಕು ಅನ್ನುವುದಕ್ಕೆ ಮಾತ್ರ ಪಕ್ಷ, ತಿಥಿ ನೋಡುತ್ತಿದ್ದರು, ಅದು ಚಂದ್ರನ ಲೆಕ್ಕ. ಈಗ ಮೊಬೈಲಿನಲ್ಲಿ ಓಡಾಡುವ "ಚಂದ್ರನ ತೋಟಗಾರಿಕೆ" ಪಟ್ಟಿಗಳಲ್ಲಿ ಎರಡನೆಯದು ಮಾತ್ರ ಉಳಿದಿದೆ, ಮೊದಲನೆಯದು ಬಿದ್ದುಹೋಗಿದೆ. ಅದು ನನಗೆ ನಿಜವಾಗಿಯೂ ಬೇಜಾರಿನ ವಿಷಯ.

ಈ ವರ್ಷ ಎರಡೂ ಲೆಕ್ಕ ಚೆನ್ನಾಗಿ ಹೊಂದಿಕೊಂಡಿವೆ. ಮೇ 1ಕ್ಕೆ ಹುಣ್ಣಿಮೆ. ಮೇ 2ರಿಂದ 16ರ ಅಮಾವಾಸ್ಯೆವರೆಗೆ ಕೃಷ್ಣ ಪಕ್ಷ. ಕರಿಬೇವು, ನುಗ್ಗೆ ಸವರುವುದು, ಗೊಬ್ಬರದ ಗುಂಡಿ ಮಗುಚುವುದು, ಏರಿ ಮಾಡುವುದು, ಶುಂಠಿ, ಅರಿಶಿನ, ಕೆಸು ಊರುವುದು ಎಲ್ಲ ಆಗ. ಮೇ 17ರಿಂದ 31ರ ಹುಣ್ಣಿಮೆವರೆಗೆ ಶುಕ್ಲ ಪಕ್ಷ. ಬಳ್ಳಿ ತರಕಾರಿ, ಅಲಸಂದೆ, ಬೆಂಡೆ ಬೀಜ ಆಗ. ಗೆಡ್ಡೆಗೆ ಕೃಷ್ಣ ಪಕ್ಷ, ಮೇಲೆ ಕಾಯಿ ಬಿಡುವುದಕ್ಕೆ ಶುಕ್ಲ ಪಕ್ಷ ಅನ್ನುವ ರೂಢಿ ನಮ್ಮ ಮನೆಯಲ್ಲಿದೆ, ನಾನೂ ಪಾಲಿಸುತ್ತೇನೆ. ಆದರೆ ಮೇ 12ಕ್ಕೇ ಎರಡು ಒಳ್ಳೆ ಮಳೆ ಬಿದ್ದು ಮಣ್ಣು ಹದವಾದರೆ, ಶುಕ್ಲ ಪಕ್ಷ ಬರಲಿ ಅಂತ ನಾನಂತೂ ಕಾಯುವುದಿಲ್ಲ.

ನಿಮ್ಮ ನಿಮ್ಮ ಕಡೆ ಹೇಗೆ? ದಯವಿಟ್ಟು ಊರು, ಮಣ್ಣು ಹೇಳಿ ಬರೆಯಿರಿ.

ಟೆರೇಸ್ ತೋಟ (ಬೆಂಗಳೂರು)

ಅಕ್ಕಾ, ತುಂಬಾ ಒಳ್ಳೆ ವಿಷಯ ಎತ್ತಿದ್ದೀರಿ. ನನಗೆ ಒಂದು ಗೊಂದಲ. ಗೋಡೆ ಕ್ಯಾಲೆಂಡರಿನಲ್ಲಿ ಪ್ರತಿ ದಿನಕ್ಕೂ ಒಂದು ನಕ್ಷತ್ರ ಇರುತ್ತದೆ. ಮೇ 17-18ಕ್ಕೆ ರೋಹಿಣಿ ಅಂತ ಬರುತ್ತದೆ. ನೀವು ಹೇಳುವ ರೋಹಿಣಿ ಮಳೆ ಮೇ ಕೊನೆಗೆ ಶುರುವಾಗುತ್ತದಲ್ಲ. ಯಾವುದು ಸರಿ?

ಹಿತ್ತಲಮನೆ (ಸಾಗರ)

ಎರಡೂ ಸರಿ, ಆದರೆ ಎರಡೂ ಬೇರೆ. ಕ್ಯಾಲೆಂಡರಿನ ದಿನದ ನಕ್ಷತ್ರ ಅಂದರೆ ಆವತ್ತು ಚಂದ್ರ ಎಲ್ಲಿದ್ದಾನೆ ಅಂತ. ಅವನು ಸುಮಾರು 27 ದಿನಕ್ಕೆ 27 ನಕ್ಷತ್ರ ಸುತ್ತಿ ಬರುತ್ತಾನೆ, ಅಂದರೆ ದಿನಕ್ಕೊಂದು. ಮಳೆ ನಕ್ಷತ್ರ ಅಂದರೆ ಸೂರ್ಯ ಎಲ್ಲಿದ್ದಾನೆ ಅಂತ. ಅವನಿಗೆ ಒಂದು ನಕ್ಷತ್ರ ದಾಟಲು ಹದಿಮೂರು ಹದಿನಾಲ್ಕು ದಿನ ಬೇಕು. ಮೇ 11ರ ಸುಮಾರಿಗೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ. ಪ್ರತಿ ವರ್ಷ ಹೆಚ್ಚುಕಡಿಮೆ ಇದೇ ತಾರೀಖು, ಒಂದು ದಿನ ಆಚೀಚೆ. "ರೋಹಿಣಿ ಮಳೆಗೆ ಓಣಿಯೆಲ್ಲಾ ಜೋಳ" ಅನ್ನುವ ಮಾತು ಸೂರ್ಯನ ರೋಹಿಣಿಯದು. ಚಂದ್ರನ ರೋಹಿಣಿ ತಿಂಗಳಿಗೊಮ್ಮೆ ಬರುತ್ತದೆ, ಡಿಸೆಂಬರಿನಲ್ಲೂ ಬರುತ್ತದೆ, ಆಗ ಜೋಳ ಬಿತ್ತುತ್ತೇವಾ ಹೇಳಿ.

ಕಪ್ಪುಮಣ್ಣು (ಗದಗ ಕಡೆ)

ಅಕ್ಕಾರ ಮಾತು ನೂರಕ್ಕೆ ನೂರು ಖರೆ. ನಮ್ಮ ಕಡೆ ಹುಣ್ಣಿಮೆ, ಅಮಾವಾಸ್ಯೆಗಳಿಗೆಲ್ಲ ಹೆಸರಿವೆ. ಚೈತ್ರದ್ದು ದವನದ ಹುಣ್ಣಿಮೆ, ವೈಶಾಖದ್ದು ಆಗಿ ಹುಣ್ಣಿಮೆ, ಜ್ಯೇಷ್ಠದ್ದು ಕಾರ ಹುಣ್ಣಿಮೆ. ಅದು ಕಳೆದು ಮಣ್ಣೆತ್ತಿನ ಅಮಾವಾಸ್ಯೆ. ಕಾರ ಹುಣ್ಣಿಮೆಗೆ ಎತ್ತು ಓಡಿಸಿ ಕರಿ (ಅಡ್ಡ ಕಟ್ಟಿದ ತೋರಣದ ಹಗ್ಗ) ಹರಿಯುತ್ತಾರೆ. ಕೆಂಪೆತ್ತು ಗೆದ್ದರೆ ಮುಂಗಾರಿ ಪೈರು ಛಲೋ, ಬಿಳಿ ಎತ್ತು ಗೆದ್ದರೆ ಹಿಂಗಾರಿ ಛಲೋ ಅಂತ ಹಿರಿಯರ ನಂಬಿಕೆ. ಊರೆಲ್ಲ ಅಗಸಿಯಲ್ಲಿ (ಊರ ಬಾಗಿಲಲ್ಲಿ) ಕೂಡಿ ನೋಡುತ್ತದೆ.

ಆದರೆ ನೋಡಿರಿ, 2025ರಲ್ಲಿ ಕಾರ ಹುಣ್ಣಿಮೆ ಜೂನ್ ಎರಡನೇ ವಾರಕ್ಕೇ ಬಂದಿತ್ತು. ಈ ವರ್ಷ ಅಧಿಕ ಮಾಸ ನಡುವೆ ಬಂದಿದ್ದರಿಂದ ಜೂನ್ 29ಕ್ಕೆ ಹೋಗಿದೆ. ಹಬ್ಬ ಹಾಗೆ ಹಿಂದೆ ಮುಂದೆ ಆಗುತ್ತದೆ, ಮಳೆ ಅದರ ಜೊತೆ ಸರಿಯುವುದಿಲ್ಲ. ಹೆಸರುಕಾಳು ಬಿತ್ತುವವರು ಕಾರ ಹುಣ್ಣಿಮೆ ನೋಡಿಕೊಂಡು ಕೂತರೆ ಒಂದು ವರ್ಷ ಮೃಗಶಿರದಲ್ಲಿ ಬಿತ್ತುತ್ತಾರೆ, ಇನ್ನೊಂದು ವರ್ಷ ಆರಿದ್ರಾದಲ್ಲಿ. ಹೆಸರಿಗೆ ಆ ಎರಡು ವಾರ ಬಹಳ ದೊಡ್ಡದು. ತಡ ಆದರೆ ಕಾಯಿ ಒಣಗುವ ಹೊತ್ತಿಗೆ ಮಳೆಗೆ ಸಿಗುತ್ತದೆ, ಕಾಳು ಗಿಡದಲ್ಲೇ ಮೊಳೆಯುತ್ತದೆ.

ಚಂದ್ರಮಾನದ ವರ್ಷಕ್ಕೆ 354 ದಿನ, ಸೂರ್ಯನದಕ್ಕೆ 365. ಆ ಹನ್ನೊಂದು ದಿನದ ಸಾಲ ತೀರಿಸಲಿಕ್ಕೇ ಎರಡೂವರೆ ವರ್ಷ ದಾಟಿದ ಮೇಲೆ ಒಂದು ಅಧಿಕ ಮಾಸ ಕೊಡುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದಿತ್ತು, ಈಗ ಜ್ಯೇಷ್ಠ. ಅಂದರೆ ಅಧಿಕ ಮಾಸ ಇರುವುದೇ ತಿಂಗಳನ್ನು ಮಳೆಗಾಲದ ಜೊತೆ ಕೂಡಿಸಲಿಕ್ಕೆ. ಅದನ್ನೇ ನೆಪ ಮಾಡಿ ಬಿತ್ತಿಗೆ ಬಿಡುವುದು ಉಲ್ಟಾ ಆಯಿತು.

ತೆಂಗುಕಂಗು (ಬೆಳ್ತಂಗಡಿ)

ನಮ್ಮ ತುಳುನಾಡಿನಲ್ಲಿ ಈ ಅಧಿಕ ಮಾಸದ ತಲೆಬಿಸಿಯೇ ಇಲ್ಲ ಮಾರಾಯ್ರೆ. ನಮ್ಮ ತಿಂಗಳು ಸೌರಮಾನದ್ದು. ಬಿಸು (ಸೌರ ಯುಗಾದಿ) ಕಳೆದ ಮೇಲೆ ಪಗ್ಗು, ಆಮೇಲೆ ಬೇಶ, ಕಾರ್ತೆಲ್, ಆಟಿ, ಸೋಣ. ಬೇಶದ ಹತ್ತನೇ ದಿನ ಪತ್ತನಾಜೆ, ಪ್ರತಿ ವರ್ಷ ಮೇ 24ರ ಆಸುಪಾಸು. ಯಕ್ಷಗಾನ ಮೇಳದವರು ಆವತ್ತು ಗೆಜ್ಜೆ ಬಿಚ್ಚುತ್ತಾರೆ, ಕೋಲ ನೇಮ ನಿಲ್ಲುತ್ತದೆ. ಅಲ್ಲಿಂದ ಮುಂದೆ ಎಲ್ಲರೂ ಗದ್ದೆ ತೋಟಕ್ಕೆ ಇಳಿಯಬೇಕು ಅಂತಲೇ ಆ ಗೆರೆ. ಮರುದಿನವೇ ಸೂರ್ಯ ರೋಹಿಣಿಗೆ ಹೋಗುತ್ತಾನೆ. ಎರಡು ಕಡೆಯ ಹಿರಿಯರೂ ಒಂದೇ ಜಾಗಕ್ಕೆ ಬಂದು ನಿಂತಿದ್ದಾರೆ ನೋಡಿ.

ಪತ್ತನಾಜೆಗೆ ಮೊದಲು ನಮ್ಮಲ್ಲಿ ಆಗಲೇಬೇಕಾದ ಕೆಲಸ ಅಂದರೆ ಬಸಿಗಾಲುವೆ ಬಿಡಿಸುವುದು. ಕಂಗಿನ (ಅಡಿಕೆ) ತೋಟದಲ್ಲಿ ಕಣಿ ಹೂಳು ತುಂಬಿಕೊಂಡಿದ್ದರೆ ಜೂನಿನಲ್ಲಿ ಬೇರು ನೀರಲ್ಲೇ ನಿಲ್ಲುತ್ತದೆ. ಆಮೇಲೆ ಸೊಪ್ಪು ಹಾಕುವುದು, ಕಾಳುಮೆಣಸಿನ ಬುಡಕ್ಕೆ ತರಗೆಲೆ ಹೊದಿಸುವುದು. ಮತ್ತೆ ಮೇ ಕೊನೆಗೆ ಅಡಿಕೆಯ ಕೊಳೆರೋಗಕ್ಕೆ ಮೊದಲ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಬೋರ್ಡೋ ಹೊಡೆಯುವಾಗ ನಮ್ಮಲ್ಲಿ ಯಾರೂ ತಿಥಿ ಕೇಳಿದ್ದು ನಾನು ನೋಡಿಲ್ಲ. ಮರ ಹತ್ತುವವರು ಯಾವತ್ತು ಸಿಗುತ್ತಾರೋ, ಎಲೆ ಯಾವತ್ತು ಒಣಗಿರುತ್ತದೋ, ಅದೇ ಮುಹೂರ್ತ.

ಮೇಷ್ಟ್ರು (ಹಾಸನ)

ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದವನು, ಈಗ ನಿವೃತ್ತ, ಮನೆ ಹಿಂದೆ ಸ್ವಲ್ಪ ಜಾಗ ಇದೆ. ಯಾರ ನಂಬಿಕೆಗೂ ಅಡ್ಡ ಬರುವ ಉದ್ದೇಶ ಇಲ್ಲ. ಆದರೆ ಒಂದೆರಡು ವಿಷಯ ಹೇಳಲೇಬೇಕು, ಏಕೆಂದರೆ ಹೊಸಬರು ಇದನ್ನೆಲ್ಲ ಓದಿ ಚಂದ್ರ ಗಿಡವನ್ನು ಎಳೆಯುತ್ತಾನೆ ಅಂತ ತಿಳಿಯುತ್ತಾರೆ.

ಸಮುದ್ರದಲ್ಲಿ ಉಬ್ಬರ ಬರುವುದು ನಿಜ, ಹೆಚ್ಚಾಗಿ ಚಂದ್ರನಿಂದಲೇ ಬರುವುದು. ಆದರೆ ಅದು ಸಾವಿರಾರು ಕಿಲೋಮೀಟರ್ ಹರಡಿಕೊಂಡಿರುವ ನೀರು. ಚಂದ್ರನ ಕಡೆಯ ತುದಿಗೂ ಆಚೆ ತುದಿಗೂ ಸೆಳೆತದಲ್ಲಿ ವ್ಯತ್ಯಾಸ ಇರುವುದರಿಂದ ಉಬ್ಬರ. ಒಂದು ಕುಂಡದ ಮೇಲ್ಭಾಗಕ್ಕೂ ತಳಕ್ಕೂ ಆ ವ್ಯತ್ಯಾಸ ಲೆಕ್ಕಕ್ಕೇ ಸಿಗದಷ್ಟು ಸಣ್ಣದು. ಇನ್ನು ಬೆಳಕು. ಲಕ್ಸ್ ಅನ್ನುವ ಬೆಳಕಿನ ಅಳತೆಯಲ್ಲಿ ಹುಣ್ಣಿಮೆಯ ಬೆಳಕು ಒಂದು ಲಕ್ಸ್‌ನ ಕಾಲು ಭಾಗದ ಆಸುಪಾಸು, ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್. ಅದರಿಂದ ಎಲೆ ಆಹಾರ ಮಾಡಿಕೊಳ್ಳುವ ಮಾತೇ ಇಲ್ಲ. 2020ರಲ್ಲಿ ಸ್ಪೇನಿನ ವೇಲೆನ್ಸಿಯಾ ವಿಶ್ವವಿದ್ಯಾಲಯದವರು ಸಸ್ಯಗಳ ಮೇಲೆ ಚಂದ್ರನ ಪ್ರಭಾವದ ಬಗ್ಗೆ ಬಂದ ಬರಹಗಳನ್ನೆಲ್ಲ ಜಾಲಾಡಿ ಒಂದು ಪ್ರಬಂಧ ಪ್ರಕಟಿಸಿದರು. ಕೃಷಿಯಲ್ಲಿ ಚಂದ್ರನ ಹಂತ ನೋಡಿ ಕೆಲಸ ಮಾಡುವುದಕ್ಕೆ ನಂಬುವಂಥ ಆಧಾರ ಸಿಗಲಿಲ್ಲ ಅಂತಲೇ ಅವರ ತೀರ್ಮಾನ.

ಕಾಫಿಕಣ (ಚಿಕ್ಕಮಗಳೂರು)

ಮೇಷ್ಟ್ರೇ, ನಿಮ್ಮ ಮಾತಿಗೆ ಗೌರವ ಇಟ್ಟೇ ಹೇಳುತ್ತೇನೆ. ನಾವು ಕೆಲವು ವರ್ಷಗಳಿಂದ ಬಯೋಡೈನಮಿಕ್ ರೀತಿಯಲ್ಲಿ, ಅಂದರೆ ಚಂದ್ರ, ಗ್ರಹಗಳ ಚಲನೆಯನ್ನೂ ನೋಡುವ ಸಾವಯವ ಕೃಷಿ, ಮಾಡುತ್ತಿದ್ದೇವೆ. 1924ರಲ್ಲಿ ಆಸ್ಟ್ರಿಯಾದ ಚಿಂತಕ ರುಡಾಲ್ಫ್ ಸ್ಟೈನರ್ ಕೊಟ್ಟ ಉಪನ್ಯಾಸಗಳಿಂದ ಶುರುವಾದದ್ದು ಇದು. ಮುಂದೆ ಜರ್ಮನಿಯ ಮರಿಯಾ ಥೂನ್ ಅವರು 1960ರ ದಶಕದಿಂದ ಬಿತ್ತನೆ ಕ್ಯಾಲೆಂಡರ್ ತಂದರು. ಅದರಲ್ಲಿ ಶುಕ್ಲ ಕೃಷ್ಣ ಪಕ್ಷ ಅಷ್ಟು ಮುಖ್ಯ ಅಲ್ಲ. ಚಂದ್ರ ಯಾವ ರಾಶಿಯಲ್ಲಿದ್ದಾನೆ ಅನ್ನುವುದು ಮುಖ್ಯ. ವೃಷಭ, ಕನ್ಯಾ, ಮಕರ ಬೇರಿನ ದಿನ. ಕರ್ಕಾಟಕ, ವೃಶ್ಚಿಕ, ಮೀನ ಎಲೆಯ ದಿನ. ಮಿಥುನ, ತುಲಾ, ಕುಂಭ ಹೂವಿನ ದಿನ. ಮೇಷ, ಸಿಂಹ, ಧನು ಹಣ್ಣಿನ ದಿನ.

ಇನ್ನೊಂದು ಇದೆ, ಏರುವ ಚಂದ್ರ ಮತ್ತು ಇಳಿಯುವ ಚಂದ್ರ. ಇದನ್ನು ಶುಕ್ಲ ಕೃಷ್ಣ ಪಕ್ಷದ ಜೊತೆ ಕಲಸಬೇಡಿ, ತುಂಬಾ ಜನ ಕಲಸುತ್ತಾರೆ. ಸೂರ್ಯ ವರ್ಷಕ್ಕೊಮ್ಮೆ ಉತ್ತರಕ್ಕೆ ಹೋಗಿ ದಕ್ಷಿಣಕ್ಕೆ ಬರುತ್ತಾನಲ್ಲ, ಚಂದ್ರ ಅದನ್ನೇ 27 ದಿನ ಚಿಲ್ಲರೆಯಲ್ಲಿ ಮುಗಿಸುತ್ತಾನೆ. ದಕ್ಷಿಣಕ್ಕೆ ಇಳಿಯುವ ಎರಡು ವಾರದಲ್ಲಿ ಸಸಿ ನಾಟಿ, ಸವರುವಿಕೆ, ಕಾಂಪೋಸ್ಟ್ ಹಾಕುವುದು. ಏರುವ ಎರಡು ವಾರದಲ್ಲಿ ಕೊಯ್ಲು, ಕಸಿಗೆ ಕಡ್ಡಿ ತೆಗೆಯುವುದು. ನಮ್ಮ ತೋಟದಲ್ಲಿ ಮಣ್ಣು ಈಗ ತುಂಬಾ ಸಡಿಲವಾಗಿದೆ, ಎರೆಹುಳು ಜಾಸ್ತಿ ಆಗಿವೆ.

ಹಿತ್ತಲಮನೆ (ಸಾಗರ)

ಕಾಫಿಕಣ ಅವರೇ, ಮಣ್ಣು ಸಡಿಲವಾಗಿದ್ದು ಕೇಳಿ ಖುಷಿ ಆಯಿತು. ಆದರೆ ಅದು ನೀವು ಹಾಕುವ ಕಾಂಪೋಸ್ಟು, ಮುಚ್ಚಿಗೆ, ನೆರಳಿನಿಂದ ಆಗಿರಬಾರದೇಕೆ? ಅವಿಷ್ಟನ್ನೂ ಮಾಡಿ ಚಂದ್ರನನ್ನು ಬಿಟ್ಟರೂ ಎರೆಹುಳು ಬರುತ್ತಿತ್ತು ಅಂತ ನನಗನಿಸುತ್ತದೆ.

ಇನ್ನೊಂದು ವಿಷಯ ಗಮನಿಸಿದ್ದೀರಾ? ನಮ್ಮ ಪಂಚಾಂಗದಲ್ಲೂ ಚಂದ್ರನ ನಕ್ಷತ್ರ ನೋಡಿ ಮಣ್ಣಿನ ಕೆಲಸ ಹಂಚುವ ಕ್ರಮ ಇದೆ. ಊರ್ಧ್ವಮುಖ, ಅಧೋಮುಖ, ತಿರ್ಯಙ್ಮುಖ ಅಂತ ಮೂರು ಗುಂಪು, ಒಂದೊಂದರಲ್ಲಿ ಒಂಬತ್ತು. ರೋಹಿಣಿ, ಆರಿದ್ರಾ, ಪುಷ್ಯ, ಮೂರು ಉತ್ತರೆಗಳು, ಶ್ರವಣ, ಧನಿಷ್ಠಾ, ಶತಭಿಷಾ ಮೇಲ್ಮುಖ. ಭರಣಿ, ಕೃತ್ತಿಕೆ, ಆಶ್ಲೇಷಾ, ಮಘಾ, ಮೂರು ಪೂರ್ವೆಗಳು, ವಿಶಾಖಾ, ಮೂಲಾ ಕೆಳಮುಖ. ಉಳಿದವು ಅಡ್ಡಮುಖ. ಬಾವಿ ತೋಡುವುದು, ಗೆಡ್ಡೆ ಊರುವುದು ಕೆಳಮುಖದಲ್ಲಿ. ಮರಗಿಡ ನೆಡುವುದು ಮೇಲ್ಮುಖದಲ್ಲಿ. ಈಗ ಮಘಾ ನಕ್ಷತ್ರ ತೆಗೆದುಕೊಳ್ಳಿ. ಅದು ಸಿಂಹ ರಾಶಿಯಲ್ಲಿದೆ. ನಿಮ್ಮ ಥೂನ್ ಕ್ಯಾಲೆಂಡರ್ ಪ್ರಕಾರ ಹಣ್ಣಿನ ದಿನ, ಟೊಮೆಟೊ ಬೀಜ ಹಾಕು ಅನ್ನುತ್ತದೆ. ನಮ್ಮ ಪಂಚಾಂಗದ ಪ್ರಕಾರ ಕೆಳಮುಖ, ಶುಂಠಿ ಊರು ಅನ್ನುತ್ತದೆ. ಒಂದೇ ಚಂದ್ರ, ಒಂದೇ ದಿನ, ಎರಡು ಉಲ್ಟಾ ಸಲಹೆ. ಎರಡನ್ನೂ ಪಾಲಿಸುವವರು ಪಾಪ ಆವತ್ತು ಏನು ಮಾಡಬೇಕು?

ಅದಕ್ಕೇ ನಾನು ದಿನದ ಆಯ್ಕೆಯನ್ನು ಬಿಗಿಯಾಗಿ ಹಿಡಿಯಬೇಡಿ ಅನ್ನುವುದು. ಕಾಲ ತಪ್ಪಿದರೆ ಬೆಳೆ ಹೋಗುತ್ತದೆ, ದಿನ ತಪ್ಪಿದರೆ ಏನೂ ಹೋಗುವುದಿಲ್ಲ.

ಟೆರೇಸ್ ತೋಟ (ಬೆಂಗಳೂರು)

ಹಾಗಿದ್ದರೆ ಚಂದ್ರನನ್ನು ಪೂರ್ತಿ ಬಿಟ್ಟುಬಿಡಬಹುದಾ? ಸುಮ್ನೆ ಮಳೆ ಮಾತ್ರ ನೋಡಿದರೆ ಸಾಕಲ್ವಾ?

ಮೇಷ್ಟ್ರು (ಹಾಸನ)

ಒಂದು ಕಡೆ ಬಿಡಬೇಡಿ. ಹುಳುಗಳ ವಿಷಯದಲ್ಲಿ ಚಂದ್ರ ನಿಜವಾಗಿಯೂ ಲೆಕ್ಕಕ್ಕೆ ಬರುತ್ತಾನೆ.

ಬೇಸಿಗೆಯಲ್ಲಿ ಮೊದಲ ಜೋರು ಮಳೆ ಬಿದ್ದ ಸಂಜೆ ಮಣ್ಣಿನೊಳಗಿಂದ ಕಂದು ದುಂಬಿಗಳು ಎದ್ದು ಬರುತ್ತವೆ. ಗೊಣ್ಣೆಹುಳುವಿನ ತಾಯಿ ತಂದೆ ಅವೇ. ಬೇವು, ಜಾಲಿ, ನುಗ್ಗೆ ಮರದ ಮೇಲೆ ಕೂತು ಎಲೆ ತಿಂದು, ಜೋಡಿಯಾಗಿ, ಮತ್ತೆ ಮಣ್ಣಿಗೆ ಹೋಗಿ ಮೊಟ್ಟೆ ಇಡುತ್ತವೆ. ಆ ಮರಿಗಳೇ ಮಳೆಗಾಲದಲ್ಲಿ ನೆಲಗಡಲೆ, ಕಬ್ಬು, ತರಕಾರಿಯ ಬೇರು ಕತ್ತರಿಸುವುದು. ದುಂಬಿಯನ್ನು ಮೊಟ್ಟೆ ಇಡುವ ಮೊದಲೇ ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ. ಕತ್ತಲಾದ ಮೇಲೆ ಕೊಂಬೆ ಅಲ್ಲಾಡಿಸಿ ಕೆಳಗೆ ಹಾಸಿದ ಬಟ್ಟೆಗೆ ಬೀಳಿಸಿ, ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಬೇಕು. ಇಲ್ಲವೇ ದೀಪದ ಬಲೆ ಇಡಬೇಕು.

ಈ ದೀಪದ ಬಲೆಗೆ ಹುಣ್ಣಿಮೆ ಹತ್ತಿರ ಹುಳು ಕಡಿಮೆ ಬೀಳುತ್ತವೆ, ಅಮಾವಾಸ್ಯೆ ಕಡೆಗೆ ಜಾಸ್ತಿ ಬೀಳುತ್ತವೆ. ಇದು ಬೇರೆ ಬೇರೆ ದೇಶಗಳಲ್ಲಿ ಬಲೆ ಇಟ್ಟು ಎಣಿಸಿದವರು ಮತ್ತೆ ಮತ್ತೆ ಕಂಡ ವಿಷಯ, ಪತಂಗಗಳಲ್ಲಂತೂ ತುಂಬಾ ಸ್ಪಷ್ಟ. ಆಕಾಶವೇ ಬೆಳ್ಳಗಿದ್ದಾಗ ನಮ್ಮ ಬಲ್ಬಿನ ಬೆಳಕು ಎದ್ದು ಕಾಣುವುದಿಲ್ಲ. ಈ ಸಲ ಮೇ 16ಕ್ಕೆ ಅಮಾವಾಸ್ಯೆ, ಕೃತ್ತಿಕೆ ಮಳೆಯ ನಡುವೆ. ಮೇ 11ರಿಂದ 20ರವರೆಗೆ ರಾತ್ರಿ ಕತ್ತಲಿರುತ್ತದೆ, ಮಣ್ಣೂ ನೆನೆದಿದ್ದರೆ ಅದಕ್ಕಿಂತ ಒಳ್ಳೆ ಅವಕಾಶ ಇಲ್ಲ.

ಕಪ್ಪುಮಣ್ಣು (ಗದಗ ಕಡೆ)

ಮೇಷ್ಟ್ರೇ ಇದು ಬಹಳ ಉಪಯೋಗದ ಮಾತು. ನಮ್ಮಲ್ಲಿ ಕಂಬಳಿ ಹುಳದ ಕಾಟ ಇದೆ. ಅದರ ಪತಂಗಕ್ಕೂ ಇದೇ ಲೆಕ್ಕವೇ?

ಮೇಷ್ಟ್ರು (ಹಾಸನ)

ಹೌದು, ಕೆಂಪು ತಲೆ ಕಂಬಳಿ ಹುಳದ ಪತಂಗವೂ ಮೊದಲ ಮಳೆಗಳ ನಂತರವೇ ಏಳುತ್ತದೆ, ದೀಪಕ್ಕೂ ಬರುತ್ತದೆ. ಹೊಲದ ಬದುವಿನಲ್ಲಿ ಅಲ್ಲಲ್ಲಿ ಬೆಂಕಿ ಹಾಕುವ ಪದ್ಧತಿ ಇದೆಯಲ್ಲ, ಅದು ಇದಕ್ಕೇ. ಒಬ್ಬರೇ ಮಾಡಿದರೆ ಸಾಲದು, ಸುತ್ತಲಿನವರೆಲ್ಲ ಸೇರಿ ಅದೇ ರಾತ್ರಿಗಳಲ್ಲಿ ಮಾಡಬೇಕು.

ತೆಂಗುಕಂಗು (ಬೆಳ್ತಂಗಡಿ)

ಬಿದಿರಿನ ಕತೆ ಏನು? ಚಪ್ಪರಕ್ಕೆ ಬಿದಿರು ಕಡಿಯುವುದಾದರೆ ಕೃಷ್ಣ ಪಕ್ಷದಲ್ಲೇ, ಅಮಾವಾಸ್ಯೆ ಹತ್ತಿರ ಕಡಿ, ಇಲ್ಲದಿದ್ದರೆ ಕುಟ್ಟೆ ಹಿಡಿಯುತ್ತದೆ ಅನ್ನುವುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ.

ಹಿತ್ತಲಮನೆ (ಸಾಗರ)

ನಮ್ಮಲ್ಲೂ ಇದೆ. ಕುಟ್ಟೆ ಹುಳಕ್ಕೆ ಬೇಕಿರುವುದು ಬಿದಿರಿನೊಳಗಿನ ಪಿಷ್ಟ. ಅದು ಋತುವಿಗೆ ತಕ್ಕಂತೆ ಏರಿಳಿಯುತ್ತದೆ, ಬಿದಿರಿನ ವಯಸ್ಸಿನ ಮೇಲೂ ಹೋಗುತ್ತದೆ. ಮೂರು ವರ್ಷ ದಾಟಿದ ಗಳು ನೋಡಿ ಕಡಿದು, ಕೆಲವು ವಾರ ಹರಿಯುವ ನೀರಿನಲ್ಲಿ ಮುಳುಗಿಸಿಟ್ಟು, ನೆರಳಲ್ಲಿ ಒಣಗಿಸಿದರೆ ಚೆನ್ನಾಗಿ ಬಾಳುತ್ತದೆ. ನಾನು ಕೃಷ್ಣ ಪಕ್ಷದಲ್ಲೇ ಕಡಿಸುತ್ತೇನೆ, ನೀರಿಗೂ ಹಾಕಿಸುತ್ತೇನೆ. ನೀರಿಗೆ ಹಾಕುವ ಕೆಲಸ ಬಿಟ್ಟು ಬರೀ ಅಮಾವಾಸ್ಯೆ ನಂಬಿದ ಚಪ್ಪರಗಳು ಪುಡಿ ಉದುರುವುದನ್ನು ನೋಡಿದ್ದೇನೆ. ಈ ಮೇ ತಿಂಗಳಲ್ಲಂತೂ ಹೊಸದಾಗಿ ಕಡಿಯಲು ಹೋಗಬೇಡಿ, ಕಳಲೆ ಏಳುವ ಹೊತ್ತು ಹತ್ತಿರ ಬಂತು, ಹಿಂಡಲಿಗೆ ಪೆಟ್ಟಾಗುತ್ತದೆ. ಇರುವ ಚಪ್ಪರಕ್ಕೇ ಹೊಸ ಹಗ್ಗ ಕಟ್ಟಿ.

ಜರ್ಸಿ ಹಿತ್ತಲು (ನ್ಯೂಜೆರ್ಸಿ)

ನಮಸ್ಕಾರ. ಇಲ್ಲಿಂದ ಓದುತ್ತಾ ಇದ್ದೆ, ಕೇಳದೆ ಇರಲು ಆಗಲಿಲ್ಲ. ನಮಗೆ ಬೇಸಿಗೆ ಕೊನೆ ಅಂದರೆ ಆಗಸ್ಟ್. ಮಳೆ ನಕ್ಷತ್ರ ಇಲ್ಲಿಗೆ ನಡೆಯುವುದಿಲ್ಲ, ಮಳೆ ವರ್ಷವಿಡೀ ಬರುತ್ತಲೇ ಇರುತ್ತದೆ. ಆದರೆ ಮೆಂತ್ಯ, ಕೊತ್ತಂಬರಿ, ಪಾಲಕ್, ಮೂಲಂಗಿ ಎರಡನೇ ಸಲ ಹಾಕಲು ಅದೇ ಸರಿಯಾದ ಕಾಲ. ಜುಲೈ ಸೆಕೆಗೆ ಕೊತ್ತಂಬರಿ ಹೂ ಬಿಟ್ಟು ಹಾಳಾಗುತ್ತದೆ. ನಮ್ಮತ್ತೆ ಊರಿಂದ ಪಂಚಾಂಗ ಕಳಿಸಿದ್ದಾರೆ, ಅದನ್ನು ನೋಡಿ ಹಾಕಬಹುದಾ?

ಹಿತ್ತಲಮನೆ (ಸಾಗರ)

ತಂಗೀ, ಊರಿನ ಪಂಚಾಂಗವನ್ನು ಹಾಗೇ ಹಿಡಿಯಬೇಡ. ಅಮಾವಾಸ್ಯೆ, ಹುಣ್ಣಿಮೆ ಆಗುವ ಗಳಿಗೆ ಭೂಮಿಗೆಲ್ಲ ಒಂದೇ, ಆದರೆ ನಿಮ್ಮ ಗಡಿಯಾರ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಇಲ್ಲಿ ಮೇ 17ರ ನಸುಕಿಗೆ ಮುಗಿಯುವ ಅಮಾವಾಸ್ಯೆ ನಿಮಗೆ 16ರ ಸಂಜೆಗೇ ಮುಗಿದಿರುತ್ತದೆ.

ನಿಮ್ಮಲ್ಲಿ ನಮ್ಮ ಮಳೆ ನಕ್ಷತ್ರದ ಜಾಗದಲ್ಲಿ ನಿಲ್ಲುವುದು ಮೊದಲ ಇಬ್ಬನಿ ಹೆಪ್ಪುಗಟ್ಟುವ ತಾರೀಖು. ನ್ಯೂಜೆರ್ಸಿಯ ಹೆಚ್ಚಿನ ಕಡೆ ಅದು ಅಕ್ಟೋಬರ್ ಮಧ್ಯದಿಂದ ಕೊನೆಯೊಳಗೆ ಅಲ್ವಾ? ಅಲ್ಲಿಂದ ಹಿಂದಕ್ಕೆ ಎಣಿಸು. ಮೆಂತ್ಯ ಸೊಪ್ಪಿಗೆ ನಾಲ್ಕೈದು ವಾರ, ಮೂಲಂಗಿಗೂ ಅಷ್ಟೇ, ಪಾಲಕ್‌ಗೆ ಆರೇಳು ವಾರ. ದಿನ ಚಿಕ್ಕದಾಗುತ್ತಾ ಹೋಗುವುದರಿಂದ ಇನ್ನೆರಡು ವಾರ ಜಾಸ್ತಿ ಸೇರಿಸಿಕೋ. ಆ ಲೆಕ್ಕಕ್ಕೆ ಆಗಸ್ಟ್ ಎರಡನೇ ಅರ್ಧ ಬರುತ್ತದೆ. ಈ ವರ್ಷ ಆಗಸ್ಟ್ 12ಕ್ಕೆ ಅಮಾವಾಸ್ಯೆ, 28ಕ್ಕೆ ಹುಣ್ಣಿಮೆ. ಅತ್ತೆಯ ಮನಸ್ಸಿಗೂ ಸಮಾಧಾನ ಆಗಬೇಕು ಅಂದರೆ 13ರಿಂದ 27ರೊಳಗೆ ಸೊಪ್ಪಿನ ಬೀಜ ಹಾಕು, ಹುಣ್ಣಿಮೆ ಕಳೆದ ಮೇಲೆ ಮೂಲಂಗಿ ಹಾಕು. ಬೆಳ್ಳುಳ್ಳಿ ಊರಲು ಅಕ್ಟೋಬರ್ ಕೊನೆವರೆಗೆ ಕಾಯಬೇಕು.

ಜರ್ಸಿ ಹಿತ್ತಲು (ನ್ಯೂಜೆರ್ಸಿ)

ಅಕ್ಕಾ, ಇಷ್ಟು ಸ್ಪಷ್ಟವಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ. ಬರೆದಿಟ್ಟುಕೊಂಡೆ. ಅತ್ತೆಗೂ ಓದಿ ಹೇಳುತ್ತೇನೆ.

ಕಾಫಿಕಣ (ಚಿಕ್ಕಮಗಳೂರು)

ಹಿತ್ತಲಮನೆಯವರೇ, ಮಘಾ ನಕ್ಷತ್ರದ ಮಾತು ಯೋಚನೆಗೆ ಹಚ್ಚಿತು. ಎರಡು ಕ್ಯಾಲೆಂಡರ್ ಹೀಗೆ ಎದುರಾಗುತ್ತವೆ ಅಂತ ನಾನು ಯಾವತ್ತೂ ಜೋಡಿಸಿ ನೋಡಿರಲಿಲ್ಲ. ಹಾಗಾದರೆ ಪರೀಕ್ಷೆ ಮಾಡೋಣ. ಒಂದೇ ಪೊಟ್ಟಣದ ಬೀನ್ಸ್ ಬೀಜ, ಒಂದೇ ಮಣ್ಣು, ಶುಕ್ಲ ಪಕ್ಷದಲ್ಲಿ ಒಂದು ಸಾಲು, ಕೃಷ್ಣ ಪಕ್ಷದಲ್ಲಿ ಒಂದು ಸಾಲು.

ಮೇಷ್ಟ್ರು (ಹಾಸನ)

ಅಲ್ಲೇ ತೊಡಕು. ಗೊಬ್ಬರದ ಪರೀಕ್ಷೆ ಸುಲಭ. ಹಾಕಿದ ಸಾಲು, ಹಾಕದ ಸಾಲು ಪಕ್ಕಪಕ್ಕದಲ್ಲೇ ಇರುತ್ತವೆ, ಎರಡಕ್ಕೂ ಅದೇ ಮಳೆ, ಅದೇ ಬಿಸಿಲು. ಚಂದ್ರನ ಪರೀಕ್ಷೆಯಲ್ಲಿ ಹಾಗೆ ಆಗುವುದಿಲ್ಲ. ಒಂದೇ ದಿನ ಒಂದು ಸಾಲಿಗೆ ಹುಣ್ಣಿಮೆ, ಇನ್ನೊಂದಕ್ಕೆ ಅಮಾವಾಸ್ಯೆ ಕೊಡಲು ಸಾಧ್ಯವೇ ಇಲ್ಲ. ಎರಡು ಬಿತ್ತನೆಗಳ ನಡುವೆ ಎರಡು ವಾರ ಬಿಡಲೇಬೇಕು. ಮೇ ತಿಂಗಳಲ್ಲಿ ಎರಡು ವಾರ ಅಂದರೆ ಒಂದು ಕಡೆ ಉರಿಬಿಸಿಲು, ಇನ್ನೊಂದು ಕಡೆ ಮಳೆ. ಬೀಜ ಹುಟ್ಟಿದ್ದು ಚಂದ್ರನಿಂದಲೋ ಮಳೆಯಿಂದಲೋ ಹೇಗೆ ಬೇರೆ ಮಾಡುತ್ತೀರಿ?

ಮಾಡಲೇಬೇಕು ಅಂದರೆ ಮನೆಯೊಳಗೆ ಟ್ರೇಯಲ್ಲಿ ಮಾಡಿ. ಅಳತೆ ನೀರು, ಒಂದೇ ಜಾಗ. ಪ್ರತಿ ವಾರ ಒಂದಷ್ಟು ಬೀಜ, ವರ್ಷವಿಡೀ. ಕೊನೆಗೆ ಪಕ್ಷದ ಪ್ರಕಾರ ವಿಂಗಡಿಸಿ ನೋಡಿ. ಎಣಿಸುವವರ ಕೈಗೆ ಯಾವ ಟ್ರೇ ಯಾವ ಪಕ್ಷದ್ದು ಅಂತ ಗೊತ್ತಿರಬಾರದು. ನೀವು ಮಾಡುವುದಾದರೆ ನಾನೂ ಇಲ್ಲಿ ಮಾಡುತ್ತೇನೆ, ಲೆಕ್ಕ ಹಂಚಿಕೊಳ್ಳೋಣ.

ಕಾಫಿಕಣ (ಚಿಕ್ಕಮಗಳೂರು)

ಆಗಲಿ ಸರ್. ಬೀನ್ಸ್ ಬದಲು ಮೂಲಂಗಿ ಇಡೋಣ, ಬೇಗ ಹುಟ್ಟುತ್ತದೆ. ಮೇ 1ರ ಹುಣ್ಣಿಮೆಗೆ ಶುರು.

ಟೆರೇಸ್ ತೋಟ (ಬೆಂಗಳೂರು)

ಇಷ್ಟೆಲ್ಲ ಓದಿದ ಮೇಲೆ ನನ್ನ ಟೆರೇಸಿಗೆ ಏನು ಮಾಡಲಿ ಅಂತ ಹೇಳಿಬಿಡಿ ಅಕ್ಕಾ. ಮೂವತ್ತು ಗ್ರೋಬ್ಯಾಗ್ ಇವೆ. ಅರ್ಧ ಖಾಲಿ, ಟೊಮೆಟೊ ಒಣಗಿ ಮುಗಿದಿದೆ. ಅದರಲ್ಲಿ ಕೆಲವಕ್ಕೆ ಬೇರುಗಂಟು ರೋಗ ಇತ್ತು.

ಹಿತ್ತಲಮನೆ (ಸಾಗರ)

ಬೇರುಗಂಟು ಇದ್ದ ಮಣ್ಣನ್ನು ಮೊದಲು ಬೇರೆ ಮಾಡಿ, ಈ ವಾರವೇ. ತಿಥಿ ಏನೂ ನೋಡಬೇಡಿ, ಅದಕ್ಕೆ ಬೇಕಿರುವುದು ಬಿಸಿಲು. ಹಳೇ ಬೇರೆಲ್ಲ ಆರಿಸಿ ತೆಗೆದು, ಮಣ್ಣಿಗೆ ನೀರು ಹಾಕಿ ಹದ ಮಾಡಿ, ತೆಳ್ಳಗೆ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಮುಚ್ಚಿ ಅಂಚಿಗೆ ಇಟ್ಟಿಗೆ ಇಡಿ. ಕಪ್ಪು ಹಾಳೆ ಬೇಡ, ಬಿಸಿಲು ಒಳಗೆ ಹೋಗಬೇಕು. ನಾಲ್ಕರಿಂದ ಆರು ವಾರ ಬಿಡಬೇಕು. ಈಗ ಮುಚ್ಚಿದರೆ ಮೇ ಕೊನೆಗೆ ತೆರೆಯಬಹುದು, ಅಷ್ಟರಲ್ಲಿ ಮಳೆ ಕೂಡ ಹಿಡಿದಿರುತ್ತದೆ. ಒಣ ಮಣ್ಣಿಗೆ ಮುಚ್ಚಿದರೆ ಪ್ರಯೋಜನ ಕಡಿಮೆ, ಒದ್ದೆ ಮಣ್ಣೇ ಒಳಗಿನವರೆಗೆ ಚೆನ್ನಾಗಿ ಕಾಯುವುದು.

ಉಳಿದ ಚೀಲಗಳಲ್ಲಿ ಮೆಣಸಿನಕಾಯಿ, ಬದನೆ ಇದ್ದರೆ ಕೀಳಬೇಡಿ. ಒಣ ರೆಂಬೆ ಸವರಿ, ಒಂದು ಹಿಡಿ ಕಾಂಪೋಸ್ಟ್ ಕೊಟ್ಟು, ಬುಡಕ್ಕೆ ಒಣ ಎಲೆ ಹೊದಿಸಿ, ಮಳೆ ಶುರುವಾದ ಮೇಲೆ ಮತ್ತೆ ಚಿಗುರುತ್ತವೆ. ಸವರಲು ಮೇ 2ರ ನಂತರದ ಕೃಷ್ಣ ಪಕ್ಷ ಇಟ್ಟುಕೊಳ್ಳಿ. ಸಂಜೆ ಮಾಡಿ, ಬಿಸಿಲಿಗೆ ಗಾಯ ಒಣಗಿ ಸೀಳಬಾರದು. ಹೊಸ ಬದನೆ, ಮೆಣಸಿನ ಬೀಜ ಬೇಕಾದರೆ ಟ್ರೇಗೆ ಈಗಲೇ ಹಾಕಿ, ನಾಟಿಗೆ ಬರಲು ಐದಾರು ವಾರ ಬೇಕು. ಶುಕ್ಲ ಪಕ್ಷ ಅಂತ ಮೇ 17ರವರೆಗೆ ಕಾದರೆ ಸಸಿ ನಾಟಿಗೆ ಬರುವುದು ಜೂನ್ ಕೊನೆಗೆ.

ಟೆರೇಸ್ ತೋಟ (ಬೆಂಗಳೂರು)

ಹೀರೆ, ಹಾಗಲ ಬೀಜ? ನಿನ್ನೆ ಸಂಜೆ ಇಲ್ಲಿ ಗುಡುಗು ಮಳೆ ಬಂತು. ಹಾಕಿಬಿಡಲಾ?

ಹಿತ್ತಲಮನೆ (ಸಾಗರ)

ನಿಮ್ಮದು ಟೆರೇಸು, ನೀರು ನಿಮ್ಮ ಕೈಯಲ್ಲೇ ಇದೆ. ನೆರಳು ಬಲೆ ಇದ್ದರೆ ಹಾಕಬಹುದು. ಇಲ್ಲದಿದ್ದರೆ ಕೃತ್ತಿಕೆವರೆಗೆ ತಡೆಯಿರಿ, ಈಗ ಹುಟ್ಟಿದ ಎಳೆ ಸಸಿ ಕಾಂಕ್ರೀಟಿನ ಕಾವಿಗೆ ಬಾಡುತ್ತದೆ.

ನೆಲದಲ್ಲಿ ಹಾಕುವವರಿಗೆ ಬೇರೆ ಮಾತು. ಒಂದು ಗುಡುಗು ಮಳೆಗೆ ಮೋಸ ಹೋಗಬೇಡಿ. ಮೇಲೆ ಕೆಸರಾಗಿರುತ್ತದೆ, ಎರಡು ಬೆರಳು ಕೆಳಗೆ ಬೂದಿಯ ಹಾಗೆ ಒಣಗಿರುತ್ತದೆ. ಬೀಜ ಆ ಒದ್ದೆಗೆ ಬಾಯಿಬಿಟ್ಟು, ಕೆಳಗೆ ತೇವ ಸಿಗದೆ ಸಾಯುತ್ತದೆ. ಗುದ್ದಲಿಯಲ್ಲಿ ಒಂದು ಗೇಣು ಅಗೆದು ನೋಡಿ. ಅಲ್ಲಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು. ಉಂಡೆಯೇ ಆಗದಿದ್ದರೆ ಇನ್ನೊಂದು ಮಳೆ ಬೇಕು. ತಟ್ಟಿದರೂ ಒಡೆಯದೆ ಅಂಟಿಕೊಂಡರೆ ಎರಡು ದಿನ ಆರಲು ಬಿಡಿ. ಹಾಗಲದ ಬೀಜದ ಸಿಪ್ಪೆ ಗಟ್ಟಿ, ಒಂದು ರಾತ್ರಿ ನೆನೆಸಿ, ಮೂತಿ ಸ್ವಲ್ಪ ಒಡೆದು ಹಾಕಿ. ಗುಂಡಿಗೆ ಮೂರು ಬೀಜ, ಹುಟ್ಟಿದ ಮೇಲೆ ಗಟ್ಟಿಯಾದ ಎರಡನ್ನು ಇಟ್ಟುಕೊಳ್ಳಿ.

ಕಪ್ಪುಮಣ್ಣು (ಗದಗ ಕಡೆ)

ನಮ್ಮ ಎರೆ ಮಣ್ಣಿಗೆ ಗೇಣು ಸಾಲದು ಅಕ್ಕಾರ, ಮೊಳ ನೆನೆಯಬೇಕು. ನಾಳೆ ಹೊಲಕ್ಕೆ ಹೋಗಿ ಅಗೆದು ನೋಡಿ ಬರೆಯುತ್ತೇನೆ. ಮೇಷ್ಟ್ರೇ, ಆ ದೀಪದ ಬಲೆ ಎಷ್ಟು ಎತ್ತರಕ್ಕೆ ಕಟ್ಟಬೇಕು, ರಾತ್ರಿ ಎಷ್ಟು ಹೊತ್ತು ಹಚ್ಚಬೇಕು?

ಮೇಷ್ಟ್ರು (ಹಾಸನ)

ಬೆಳೆ ಇನ್ನೂ ಇಲ್ಲದ ಹೊಲ ಅಲ್ವಾ, ಆಳೆತ್ತರಕ್ಕಿಂತ ಸ್ವಲ್ಪ ಕೆಳಗೆ ಇದ್ದರೆ ಸಾಕು. ಕೆಳಗೆ ಅಗಲ ಬಾನಿಯಲ್ಲಿ ನೀರು, ಮೇಲೆ ನಾಲ್ಕು ಹನಿ ಸೀಮೆಎಣ್ಣೆ. ದುಂಬಿಗಳು ಕತ್ತಲಾದ ಮೊದಲ ಎರಡು ಗಂಟೆಯಲ್ಲೇ ಹೆಚ್ಚು ಹಾರುತ್ತವೆ, ಏಳರಿಂದ ಹತ್ತರವರೆಗೆ ಹಚ್ಚಿ ಆಮೇಲೆ ಆರಿಸಿಬಿಡಿ. ರಾತ್ರಿಯಿಡೀ ಹಚ್ಚಿದರೆ ಪಾಪದ ಒಳ್ಳೆ ಹುಳುಗಳೂ ಬಂದು ಸಾಯುತ್ತವೆ. ಮೇ 11ಕ್ಕೆ ಶುರು ಮಾಡಿ, ಮೊದಲ ದಿನ ಎಷ್ಟು ಬಿದ್ದವು ಅಂತ ಇಲ್ಲೇ ಬರೆಯಿರಿ.